ಉದ್ರಿಗೂ ವಾಯಿದೆ ಉಂಟು, ಸೀಟಿಗೆ ಯಾಕಿಲ್ಲ?

ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವವನೂ ಒಂದು ವಾಯಿದೆ ಹೇಳುತ್ತಾನೆ. ‘ಬರೂ ಸೋಮವಾರ ಕೊಡ್ತೀನ್ರಿ’ ಅಂತಾನೆ. ಸೋಮವಾರ ಆಗದಿದ್ದರೆ ಮುಖ ತೋರಿಸಿ ಇನ್ನೊಂದು ದಿನ ಕೇಳುತ್ತಾನೆ. ಆದರೆ ಸಿಇಟಿ ಬರೆದ ಮಕ್ಕಳ ಪಾಲಕರಿಗೆ ಆ ಮರ್ಯಾದೆಯೂ ಇಲ್ಲ. ಲಿಸ್ಟ್ ಯಾವಾಗ ಅಂತ ಕೇಳಿದರೆ ‘ಮುಂದಕ್ಕೆ ಹೋಗೇತಿ, ವೆಬ್‌ಸೈಟ್ ನೋಡ್ಕೋತ ಇರ್ರಿ’ ಎಂಬುದೇ ಉತ್ತರ. ಎಷ್ಟು ದಿನ ನೋಡಬೇಕು? ಅದನ್ನು ಹೇಳುವವರು ಯಾರೂ ಇಲ್ಲ.

ಇದು ಒಂದು ವರ್ಷದ ಕಥೆಯಲ್ಲ. 2022ರಲ್ಲಿ ಜೂನ್ ಮಧ್ಯದಲ್ಲಿ ಸಿಇಟಿ ಆಯಿತು, ಜುಲೈ 30ಕ್ಕೆ ರ‍್ಯಾಂಕ್ ಬಂತು. 2021ರ ಬ್ಯಾಚಿನವರ ಪಿಯು ಅಂಕ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ತಕರಾರು ಎದ್ದು ಹೈಕೋರ್ಟಿಗೆ ಹೋಯಿತು. ಹೊಸ ರ‍್ಯಾಂಕ್ ಪಟ್ಟಿ ಬಂದಾಗ ಅಕ್ಟೋಬರ್ 1. ಕೈಗೆ ಬಂದ ರ‍್ಯಾಂಕನ್ನೇ ನಂಬದೆ ಮಕ್ಕಳು ಎರಡು ತಿಂಗಳು ಕಾದರು. 2024ರಲ್ಲಿ ಡಾಕ್ಟರ್ ಆಗಬೇಕೆಂದವರ ಸರದಿ. ಮೇ 5ಕ್ಕೆ ನೀಟ್ ಬರೆದವರು, ಪರೀಕ್ಷೆಯೇ ರದ್ದಾಗುತ್ತೋ ಏನೋ ಎಂಬ ಆತಂಕದಲ್ಲಿ ಜುಲೈ 23ರ ಸುಪ್ರೀಂ ಕೋರ್ಟ್ ಆದೇಶದವರೆಗೆ ದಿನ ನೂಕಿದರು.

ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸು ಹಾಯುವ ದಾರಿಯನ್ನೇ ನೋಡಿ. ಮಚ್ಛೆಯಲ್ಲಿ 1998ರಲ್ಲಿ ಹುಟ್ಟಿದ ವಿಟಿಯು, ಉದ್ಯಮಬಾಗದಲ್ಲಿ ಗೋಗಟೆ ಇಂಜಿನಿಯರಿಂಗ್ ಕಾಲೇಜು, ಟಿಳಕವಾಡಿಗೆ ಬಂದರೆ ಆರ್‌ಪಿಡಿ. ರಾಜ್ಯದ ಇಂಜಿನಿಯರಿಂಗ್ ವಿದ್ಯೆಯ ರಾಜಧಾನಿ ಈ ರಸ್ತೆಯ ಮೇಲೇ ಇದೆ. ಆದರೆ ಸೀಟು ಹಂಚುವ ಪ್ರಾಧಿಕಾರ ಇರುವುದು ಐನೂರು ಕಿಲೋಮೀಟರ್ ದೂರದ ಮಲ್ಲೇಶ್ವರದಲ್ಲಿ. ಅಲ್ಲಿಂದ ಕಂಪ್ಯೂಟರಿನಲ್ಲಿ ಬರುವ ಸುದ್ದಿಗೆ ಜಾಂಬೋಟಿ, ಕಣಕುಂಬಿ ಕಡೆಯ ಹುಡುಗ ಜುಲೈ ಮಳೆಯಲ್ಲಿ ಫೋನ್ ಹಿಡಿದು ಸಿಗ್ನಲ್ ಹುಡುಕಬೇಕು. ಪ್ರಾಧಿಕಾರಕ್ಕೆ ತಿಂಗಳುಗಟ್ಟಲೆ ಪುರಸೊತ್ತು, ಆಪ್ಷನ್ ತುಂಬುವ ಹುಡುಗನಿಗೆ ಮಾತ್ರ ಕೆಲವೇ ದಿನ!

ಕಾಯುವುದಕ್ಕೂ ಖರ್ಚು ಇದೆ. ಗಣಪತಿ ಹಬ್ಬಕ್ಕೆ ಅಂಗಡಿಗೆ ಮಾಲು ತುಂಬಬೇಕೋ, ಮಗನ ಫೀಗೆ ರೊಕ್ಕ ತೆಗೆದಿಡಬೇಕೋ ಎಂದು ಅಂಗಡಿಕಾರ ಲೆಕ್ಕ ಹಾಕುತ್ತಾನೆ. ತೆಗೆದಿಟ್ಟ ರೊಕ್ಕ ಹಂಗಾಮು ಮುಗಿಯುವವರೆಗೆ ಗಲ್ಲಾದಲ್ಲೇ ಕೊಳೆಯುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು, ಬಹಳ ಚಲೋ ಆಯಿತು. ಹುಡುಗರಿಗೆ ವಿದ್ಯಾರ್ಥಿ ಪಾಸು ಬೇಕು, ಪಾಸಿಗೆ ಕಾಲೇಜು ಬೇಕು, ಕಾಲೇಜಿಗೆ ಲಿಸ್ಟ್ ಬೇಕು. ಅಲ್ಲಿಯವರೆಗೆ ದಾಖಲೆ ಹೊತ್ತು ಬೆಳಗಾವಿಗೆ ಓಡಾಡುವಾಗಲೆಲ್ಲ ಪೂರ್ತಿ ಟಿಕೀಟು.

ಇನ್ನೊಂದು ಪೇಚು ಇದೆ. ಸೀಟು ಸಿಕ್ಕೀತೋ ಇಲ್ಲೋ ಎಂಬ ಹೆದರಿಕೆಗೆ ಪಾಲಕರು ಮೊದಲು ಬಿಎಸ್ಸಿಗೆ ಹೆಸರು ಹಚ್ಚಿ ಫೀ ಕಟ್ಟುತ್ತಾರೆ. ಆಮೇಲೆ ಇಂಜಿನಿಯರಿಂಗ್ ಸಿಕ್ಕರೆ ಅದನ್ನು ಬಿಡುತ್ತಾರೆ. ಬಿಟ್ಟ ಸೀಟು ಆ ಹೊತ್ತಿಗೆ ಯಾರಿಗೂ ಉಪಯೋಗವಿಲ್ಲ. ಮೊದಲೇ ‘ಸೀಟು ಇಲ್ಲ’ ಎಂದು ವಾಪಸ್ ಹೋದ ಬಡವರ ಹುಡುಗಿ ಅಷ್ಟರಲ್ಲಿ ಎಲ್ಲೋ ಕೆಲಸಕ್ಕೆ ಸೇರಿರುತ್ತಾಳೆ. ತಡವಾದ ಒಂದು ಲಿಸ್ಟಿನಿಂದ ಎರಡು ಮನೆಗೆ ನಷ್ಟ.

ಪಾಲಕರು ಒಂದು ಮಾತು ನೆನಪಿಟ್ಟುಕೊಳ್ಳಬೇಕು. ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಮೂಲ ಅಂಕಪಟ್ಟಿ, ಟಿಸಿಗಳನ್ನು ಕಾಲೇಜಿನವರು ನೋಡಿ ಅಲ್ಲೇ ವಾಪಸ್ ಕೊಡಬೇಕು, ಒತ್ತೆ ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣ ಕಡಿತ ಬಿಟ್ಟು ಉಳಿದ ಫೀ ಮರಳಬೇಕು. ‘ಒರಿಜಿನಲ್ ಇಲ್ಲೇ ಇರ್ಲಿ’ ಎಂದು ಕೌಂಟರಿನಲ್ಲಿ ಯಾರಾದರೂ ಅಂದರೆ ಸುಮ್ಮನೆ ಬರಬೇಡಿ, ನಿಯಮ ಕೇಳಿ.

ಪ್ರಾಧಿಕಾರದ ಪರವಾಗಿಯೂ ಹೇಳುವುದಿದೆ. 1994ರಲ್ಲಿ ಸಿಇಟಿ ವಿಭಾಗ ಶುರುವಾಗುವ ಮುಂಚೆ ಡೊನೇಶನ್ ಎಣಿಸಿದವನದೇ ಸೀಟು ಎಂಬ ಕಾಲ ಇತ್ತು. ಈಗ ಖಾನಾಪುರದ ಹಂಚಿನ ಕಾರ್ಖಾನೆಯ ಕೂಲಿಯ ಮಗನಿಗೂ ರ‍್ಯಾಂಕ್ ಬಂದರೆ ಸೀಟು ಇದೆ. ಸಿಕ್ಕ ಸೀಟನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯುವ ಎರಡನೇ ಚಾಯ್ಸ್ ಕೂಡ ಒಳ್ಳೆಯ ಏರ್ಪಾಡೇ. ಕೋರ್ಟಿನಲ್ಲಿ ದಾವೆ ಬಿದ್ದರೆ ಅಧಿಕಾರಿ ತಾನೇ ಏನು ಮಾಡಿಯಾನು? ಒಪ್ಪೋಣ.

ಆದರೆ ತಡ ಆಗುವುದು ಬೇರೆ, ತಡ ಎಂದು ಹೇಳದಿರುವುದು ಬೇರೆ. ‘ಇಲ್ಲ’ ಅಂದರೆ ಮನುಷ್ಯ ಎರಡು ದಿನ ಅತ್ತು ಬೇರೆ ದಾರಿ ಹಿಡಿಯುತ್ತಾನೆ. ‘ಇರಿ, ನೋಡೋಣ’ ಅಂದರೆ ಅಳಲೂ ಆಗದು, ಏಳಲೂ ಆಗದು. ಹದಿನೆಂಟು ವರ್ಷದ ಮಕ್ಕಳನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸುವುದು ತಪ್ಪು.

ಕೇಳುವುದು ದೊಡ್ಡದೇನಲ್ಲ. ಪ್ರತಿ ಸುತ್ತಿಗೂ ದಿನ ಮೊದಲೇ ಗೊತ್ತಾಗಲಿ. ಅದು ಮುಂದೆ ಹೋದರೆ ಹೊಸ ದಿನವನ್ನೂ ಕಾರಣವನ್ನೂ ಅದೇ ದಿನ ಹೇಳಲಿ. ಪ್ರವೇಶದ ಹಂಗಾಮಿನಲ್ಲಿ ಖಾನಾಪುರದ ಸರಕಾರಿ ಕಾಲೇಜಿನಲ್ಲಿ ಒಂದು ಕಂಪ್ಯೂಟರು, ತಿಳಿದ ಒಬ್ಬ ಗುಮಾಸ್ತ, ಗೋಡೆಗೆ ಒಂದು ನೋಟೀಸ್ ಬೋರ್ಡ್ ಇರಲಿ. ವಾಯವ್ಯ ಸಾರಿಗೆಯವರು ಸಿಇಟಿ ಪ್ರವೇಶಪತ್ರ ತೋರಿಸಿದ ಹುಡುಗರಿಗೆ ತಾತ್ಕಾಲಿಕ ಪಾಸು ಕೊಡುವ ವಿಚಾರ ಮಾಡಲಿ. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಇದರಲ್ಲಿ ಅರ್ಧ ಕೆಲಸ ಇಲ್ಲೇ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಿಲ್ಲ.

ಸೀಟು ಎಲ್ಲರಿಗೂ ಸಿಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ದಿನವನ್ನಾದರೂ ಎಲ್ಲರಿಗೂ ಕೊಡಬಹುದು. ಅದಕ್ಕೆ ಸರಕಾರಕ್ಕೆ ಒಂದು ಪೈಸೆ ಖರ್ಚಿಲ್ಲ.