ಮರೆವಿಗೆ ಸೋಮಾರಿತನ ಅಂತ ಹೆಸರಿಡಬೇಡಿ

(1/4)
ಇಂಟರ್ನಲ್ಸ್‌ನಲ್ಲಿ ಬ್ಯಾಂಕ್ ರೀಕನ್ಸಿಲಿಯೇಷನ್ ಲೆಕ್ಕ ಪೂರ್ತಿ ಉಲ್ಟಾ ಮಾಡಿ ಬಂದವಳು ನಾನು. ಬ್ಯಾಂಕಲ್ಲಿರೋ ನಮ್ಮ ದುಡ್ಡು ಕ್ಯಾಶ್ ಬುಕ್ಕಲ್ಲಿ ಡೆಬಿಟ್ ಬ್ಯಾಲೆನ್ಸ್, ಪಾಸ್‌ಬುಕ್ಕಲ್ಲಿ ಕ್ರೆಡಿಟ್ ಬ್ಯಾಲೆನ್ಸ್. ಎರಡೂ ಗೊತ್ತಿತ್ತು. ಬರೆಯೋವಾಗ ಕಲಸಿಹೋಯ್ತು. "ಓದಿದ್ರೆ ತಾನೇ ನೆನಪಿರೋದು" ಅಂದ್ರು. ನಾನೇ ದಡ್ಡಿ ಅಂತ ನಾನೂ ನಂಬಿದೆ. ನಿಮ್ಮಲ್ಲಿ ಎಷ್ಟು ಜನ ಹೀಗೇ ನಂಬ್ಕೊಂಡಿದ್ದೀರ?

(2/4)
ಇದಕ್ಕೆ ಮನಶ್ಶಾಸ್ತ್ರದಲ್ಲಿ ಇಂಟರ್‌ಫಿಯರೆನ್ಸ್ ಅಂತ ಹೆಸರಿದೆ. ಕಲಿತದ್ದು ಅಳಿಸಿಹೋಗಿರಬೇಕು ಅಂತೇನಿಲ್ಲ, ಅದೇ ಥರದ ಇನ್ನೊಂದು ನೆನಪು ಅಡ್ಡ ನಿಂತಿರುತ್ತೆ. ಪಿನ್ ಬದಲಾಯಿಸಿದ ಮೇಲೂ ಬೆರಳು ಹಳೇ ಪಿನ್ನನ್ನೇ ಒತ್ತುತ್ತಲ್ಲ, ಅದು ಪ್ರೋಆಕ್ಟಿವ್: ಹಳೇದು ಹೊಸದಕ್ಕೆ ಅಡ್ಡ. ಹೊಸದು ರೂಢಿಯಾದ ಮೇಲೆ ಹಳೇ ಪಿನ್ ಕೇಳಿದ್ರೆ ತಡವರಿಸ್ತೀವಲ್ಲ, ಅದು ರೆಟ್ರೋಆಕ್ಟಿವ್: ಹೊಸದು ಹಳೇದಕ್ಕೆ ಅಡ್ಡ. ಎರಡೂ ಒಂದಕ್ಕೊಂದು ಹೋಲಿದಷ್ಟೂ ಗೊಂದಲ ಜಾಸ್ತಿ. ನಮ್ಮ ಡೆಬಿಟ್-ಕ್ರೆಡಿಟ್‌ಗಿಂತ ಹೋಲೋದು ಇನ್ನೇನಿದೆ ಹೇಳಿ!

(3/4)
ಇದು ನನ್ನ ನೆಪ ಅಲ್ಲ. 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಪದಗಳನ್ನ ಕಲಿಸಿದ್ರು. ಕಲಿತ ಮೇಲೆ ಕೆಲವು ಸಲ ನಿದ್ದೆ, ಕೆಲವು ಸಲ ಎಚ್ಚರ. ಕಳೆದ ಗಂಟೆಗಳು ಅಷ್ಟೇ ಆದ್ರೂ, ಮಲಗಿ ಎದ್ದಾಗಲೇ ಹೆಚ್ಚು ನೆನಪಿತ್ತು. ಅಂದ್ರೆ ಮರೆಸೋದು ಬರೀ ಸಮಯ ಅಲ್ಲ, ಆ ಸಮಯದಲ್ಲಿ ತಲೆಗೆ ಇನ್ನೇನು ನುಗ್ಗಿತು ಅನ್ನೋದೂ ಲೆಕ್ಕ. 1957ರಲ್ಲಿ ಬೆಂಟನ್ ಅಂಡರ್‌ವುಡ್ ಇನ್ನೊಂದು ಮುಖ ತೋರಿಸಿದ್ರು: ಮೊದಲೇ ಹೆಚ್ಚು ಪಟ್ಟಿ ಬಾಯಿಪಾಠ ಮಾಡಿದವರು, ಕೊನೇ ಪಟ್ಟಿಯನ್ನ ಮಾರನೇ ದಿನಕ್ಕೆ ಹೆಚ್ಚು ಮರೆತಿದ್ರು.

(4/4)
ಈಗ ಹೇಳಿ, "ಕಾಸ್ಟ್ ಅಕೌಂಟಿಂಗ್, ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಎರಡೂ ಒಂದೇ ಥರ, ಒಂದೇ ರಾತ್ರೀಲಿ ಮುಗಿಸು" ಅನ್ನೋದು ಬುದ್ಧಿಮಾತಾ? ನೈಟ್‌ಔಟ್ ಮಾಡಿದ್ದನ್ನ ಸ್ಟೋರಿ ಹಾಕಿ ಮೆರೆಯೋದು ಶೂರತನಾನಾ?

"ಓದದೇ ಇರೋರಿಗೂ ಇದೇ ನೆಪ ಸಿಗುತ್ತಲ್ಲ" ಅಂತೀರ. ಓದದವನ ತಲೇಲಿ ಜಗಳ ಆಡೋಕೆ ಎರಡು ನೆನಪೇ ಇರಲ್ಲ ಗುರೂ. ಕಲಸಿಹೋಗೋದು ಓದಿದವರಿಗೇ.

ಹೋಲೋ ಎರಡು ಪಾಠ ಇದ್ರೆ ವ್ಯತ್ಯಾಸವನ್ನ ಅಕ್ಕಪಕ್ಕ ಬರೆದಿಡಿ. ಪುಸ್ತಕ ಮುಚ್ಚಿ ನೀವೇ ಪ್ರಶ್ನೆ ಹಾಕ್ಕೊಳಿ. ಆಮೇಲೆ ಮಲಗಿ, ಮರ್ಯಾದೆಯಾಗಿ ಮಲಗಿ.

ಪಕ್ಕದ ಬೆಂಚಿನವಳು ಮರೆತರೆ "ಓದಿಲ್ವಾ?" ಅನ್ನೋ ಬದಲು "ಯಾವುದರ ಜೊತೆ ಕಲಸಿಹೋಯ್ತು?" ಅಂತ ಕೇಳಿ. ನಿಮಗೆ ಯಾವ ಎರಡು ಟಾಪಿಕ್ ಕಲಸಿಹೋಗುತ್ತೆ? ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಬಿಡಿಸೋಣ.

#ಮರೆವು #ಬಿಕಾಂ_ಬದುಕು