ಸೀರೆಗಿಲ್ಲದ ಲೆಕ್ಕ ಗಿಟಾರಿಗೇಕೆ?

ನನ್ನ ಬಳಿ ನಾಲ್ಕು ಬೇಸ್ ಗಿಟಾರುಗಳಿವೆ. ನಾಲ್ಕೂ ಯಾರೋ ನುಡಿಸಿ ಬಿಟ್ಟವು, ನಾಲ್ಕೂ ಅಗ್ಗದವು. ಆರು ವರ್ಷಗಳಲ್ಲಿ ಇವುಗಳಿಗೆ ನಾನು ತೆತ್ತದ್ದು ಒಟ್ಟು 31,000 ರೂಪಾಯಿ. ನನ್ನದೇ ಸಂಬಳದಲ್ಲಿ, ಮನೆಖರ್ಚು ಕಳೆದು ಉಳಿದ ಹಣ. ಈ ವಿಷಯ ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದರಿಂದ ಏನು ಉಪಯೋಗ?" ಕೇಳುವವರೇನೂ ಕೆಟ್ಟವರಲ್ಲ. ಸ್ಟಾಫ್ ರೂಮಿನ ಗೆಳತಿಯರು, ಹಲಸೂರಿನ ನಮ್ಮ ಬೀದಿಯವರು, ಮದುವೆಮನೆಯಲ್ಲಿ ಸಿಗುವ ಓರಗಿತ್ತಿಯರು. "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಐವತ್ತೈದಕ್ಕೇ ಬಂತಲ್ಲ ಅಕ್ಕ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ಪ್ರಶ್ನೆಯ ಮೇಲೆ ನನಗೆ ಸಿಟ್ಟಿದೆ, ಅದನ್ನು ಇಲ್ಲಿ ಹೇಳಿಯೇ ಬಿಡುತ್ತೇನೆ.

ಆ ಪ್ರಶ್ನೆಗೆ ಎಲ್ಲರೂ ಒಪ್ಪುವಂಥ ಉತ್ತರಗಳು ಸಿದ್ಧವಾಗಿಯೇ ಇವೆ. ಮೊಮ್ಮಕ್ಕಳಿಗೆ ಹೇಳಿಕೊಡುವುದಕ್ಕೆ ಎನ್ನಬಹುದು. ರಿಟೈರಾದ ಮೇಲೆ ಮನೆಪಾಠ ಮಾಡಿದರೆ ನಾಲ್ಕು ಕಾಸು ಬರುತ್ತದೆ ಎನ್ನಬಹುದು. ಭಜನಾ ಮಂಡಳಿಗೆ ಎಂದರಂತೂ ಕೈಮುಗಿಯುತ್ತಾರೆ. ಮರೆವು ಬಾರದಿರಲಿ ಅಂತ ಡಾಕ್ಟರು ಹೇಳಿದ್ದಾರೆ ಎಂದರೆ ಎಲ್ಲಕ್ಕಿಂತ ಗಟ್ಟಿ. ಇವುಗಳಲ್ಲಿ ಒಂದನ್ನು ಹೇಳಿದರೆ ಸಾಕು, ಮಾತು ಮುಗಿಯಿತು. "ನನಗೆ ಇಷ್ಟ, ಅದಕ್ಕೆ" ಎಂದರೆ ಮಾತ್ರ ಯಾರಿಗೂ ಸಮಾಧಾನವಿಲ್ಲ. ಅದೇ ಬೀರುವಿನಲ್ಲಿ ವರ್ಷಕ್ಕೊಮ್ಮೆಯೂ ಮೈಗೇರದ ಹನ್ನೆರಡು ರೇಷ್ಮೆ ಸೀರೆಗಳಿದ್ದರೆ ಉಪಯೋಗ ಏನೆಂದು ಯಾರಾದರೂ ಕೇಳುತ್ತಾರೆಯೇ? ಜರಿ ಅಂಚು ಸ್ವಲ್ಪ ದೊಡ್ಡದಾದರೆ ನನ್ನ ನಾಲ್ಕು ಗಿಟಾರಿನ ದುಡ್ಡು ಒಂದೇ ಸೀರೆಗೆ ಮುಗಿಯುತ್ತದೆ.

ಇನ್ನು ಗಂಡಸರ ವಿಷಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅದರ ಹಳೆಯ ಯೆಜ್ಡಿಗಳನ್ನು ಎರಡೆರಡು ಮೂರುಮೂರು ಇಟ್ಟುಕೊಂಡು, ಭಾನುವಾರವಿಡೀ ಒರೆಸುತ್ತ ಕೂರುವವರು ನಮ್ಮ ಊರಿನಲ್ಲಿ ಬೇಕಾದಷ್ಟು ಜನ. ಬಿಡಿಭಾಗ ಹುಡುಕಿಕೊಂಡು ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತುತ್ತಾರೆ. ಅವರಿಗೆ 'ಹವ್ಯಾಸಿ' ಎಂಬ ಬಿರುದು. ನಾನು ಒಂದು ಬಿರಡೆ ಹುಡುಕಿಕೊಂಡು ಹೋದರೆ ಹುಚ್ಚು.

ಹೆಂಗಸಿನ ಸಂಗೀತಕ್ಕೆ ಉಪಯೋಗ ಕೇಳುವ ಚಾಳಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ದೊಡ್ಡಮ್ಮ ಹದಿನೆಂಟು ವಯಸ್ಸಿನವರೆಗೆ ವೀಣೆ ಕಲಿತವರು. ಗಂಡಿನ ಕಡೆಯವರು ಬಂದ ದಿನ ಒಂದು ಕೀರ್ತನೆ ನುಡಿಸಿದರು, ಒಪ್ಪಿಗೆಯಾಯಿತು. ಅಲ್ಲಿಗೆ ವೀಣೆಯ ಉಪಯೋಗ ತೀರಿತು. ಹಳೇ ಸೀರೆ ಸುತ್ತಿ ಅಟ್ಟಕ್ಕೆ ಏರಿಸಿದ್ದನ್ನು ಮಗಳ ಮದುವೆಗೆ ಪಾತ್ರೆ ಇಳಿಸುವಾಗ ನೋಡಿದರೆ ಕೊಡ ಸೀಳಿಹೋಗಿತ್ತು. ನಿಮ್ಮ ಮನೆಗಳಲ್ಲೂ ಇಂಥದೊಂದು ವೀಣೆಯೋ ಹಾರ್ಮೋನಿಯಮ್ಮೋ ಇದ್ದಿರಬೇಕು, ನೆನಪಿಸಿಕೊಳ್ಳಿ. ಮದುವೆಗೆ ಮುಂಚೆ ಸಂಗೀತ ಒಂದು ಅರ್ಹತೆ, ಆಮೇಲೆ ಅಡ್ಡಿ. ಅದು ಅವಳ ಸಂತೋಷ ಎಂದು ಯಾವ ಹಂತದಲ್ಲೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಬೇಸ್ ಗಿಟಾರ್ ಎಂದರೇನು ಎಂದು ಕೇಳುವವರಿಗೆ ನಾನು ಸಂತೋಷದಿಂದ ಹೇಳುತ್ತೇನೆ. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ಗಿಟಾರಿನ ದಪ್ಪ ತಂತಿಗಳು ನಾಲ್ಕಕ್ಕಿಂತ ಒಂದು ಸ್ಥಾಯಿ ಕೆಳಗಿನ ದನಿ. ಹಾಡಿನಲ್ಲಿ ತಾಳಕ್ಕೂ ರಾಗಕ್ಕೂ ನಡುವೆ ನಡೆದುಹೋಗುವ ಆ ಮಂದ್ರದ ಸದ್ದು ಇದರದ್ದು. ಶಂಕರ್‌ನಾಗ್ ನಿರ್ದೇಶಿಸಿದ 'ಗೀತಾ' ಚಿತ್ರ ಬಂದದ್ದು 1981ರಲ್ಲಿ. ಅದರ ಹಾಡುಗಳು ನಮ್ಮ ವಯಸ್ಸಿನವರಿಗೆಲ್ಲ ಬಾಯಿಪಾಠ. ಇನ್ನೊಮ್ಮೆ ಹಾಕಿ, ಈ ಬಾರಿ ಎಸ್ಪಿಯವರನ್ನೂ ಜಾನಕಿಯವರನ್ನೂ ಸ್ವಲ್ಪ ಪಕ್ಕಕ್ಕಿಟ್ಟು ಕೆಳಗಿನ ದನಿಯನ್ನೇ ಹಿಂಬಾಲಿಸಿ. ಇಳಯರಾಜ ಅಲ್ಲಿ ಬೇಸಿಗೆ ಬೇರೆಯದೇ ಒಂದು ಹಾಡು ಕೊಟ್ಟಿದ್ದಾರೆ. ಅದನ್ನು ಒಮ್ಮೆ ಕೇಳಿಸಿಕೊಂಡ ಮೇಲೆ ಹಾಡು ಮೊದಲಿನಂತೆ ಕೇಳುವುದಿಲ್ಲ. ನನ್ನ ಹುಚ್ಚು ಹತ್ತಿದ್ದು ಹಾಗೆ.

ಇಲ್ಲೊಂದು ಮಾತು. ಬೇಸ್ ಗಿಟಾರೆಂದರೆ ಮನೆಯ ಗೃಹಿಣಿಯ ಹಾಗೆ, ಇರುವಾಗ ಯಾರಿಗೂ ಕೇಳಿಸುವುದಿಲ್ಲ, ನಿಂತರೆ ಎಲ್ಲ ಕುಸಿಯುತ್ತದೆ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆ ನನಗೆ ಬೇಡ. ಕೇಳಿಸದೇ ಇರುವುದನ್ನು ಗುಣವೆಂದು ನಮಗೆ ಕಲಿಸಿದ್ದು ಸಾಕು. ನಾನು ಆಂಪ್ಲಿಫೈಯರ್ ಕೊಂಡಿರುವುದು ಕೇಳಿಸಲಿ ಎಂದೇ.

"ಇದು ನಮ್ಮದಲ್ಲವಲ್ಲ, ದಂಡಿನವರ ವಾದ್ಯ" ಎನ್ನುವವರೂ ಇದ್ದಾರೆ. ಮಲ್ಲೇಶ್ವರ, ಬಸವನಗುಡಿಯ ನೆಂಟರಿಗೆ ದಂಡು ಎಂದರೆ ಇವತ್ತಿಗೂ ಪರದೇಶ. 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡೂ ಪೇಟೆಯೂ 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು, ಕಿವಿಗಳು ಮಾತ್ರ ಒಂದಾಗಿಲ್ಲ. ಪಿಟೀಲು ಎಲ್ಲಿಂದ ಬಂತು ಸ್ವಾಮಿ? ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದರು, ಅವರ ಹೆಸರಿನ ಭವನವನ್ನೇ ನಾವು ಪಿಟೀಲಿನ ಆಕಾರದಲ್ಲಿ ಕಟ್ಟಿದೆವು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಅವರನ್ನೆಲ್ಲ ನಾವು ತಲೆಯ ಮೇಲೆ ಹೊತ್ತದ್ದು ಸರಿಯಾಗಿಯೇ ಇದೆ. ನಾನೇನೂ ಅವರ ಸಾಲಿನವಳಲ್ಲ. ಆದರೆ ವಾದ್ಯಕ್ಕೆ ಜಾತಕ ಕೇಳುವ ಪದ್ಧತಿಯನ್ನು ನನಗೊಬ್ಬಳಿಗೇ ಏಕೆ ಹೊಸದಾಗಿ ಶುರುಮಾಡಬೇಕು?

ಅಗ್ಗದ್ದು ಏಕೆ, ದುಡ್ಡು ಕೂಡಿಟ್ಟು ಒಂದೇ ಒಳ್ಳೆಯದನ್ನು ಕೊಳ್ಳಬಾರದೇ ಎಂಬುದು ತಿಳಿದವರ ಸಲಹೆ. ಇಂದಿರಾನಗರದ ಅಂಗಡಿಯೊಂದರಲ್ಲಿ ಇದೇ ಉಪದೇಶ ಸಿಕ್ಕಿತು. "ಮಗನಿಗಾ ಮೇಡಂ?" ಎಂದು ಶುರುಮಾಡಿ, ಲಕ್ಷ ರೂಪಾಯಿಯದನ್ನು ತೋರಿಸಿ, "ಅದೆಲ್ಲ ಆಟದ ಸಾಮಾನು" ಎಂದು ಮೂಗು ಮುರಿದರು. ವೀಣೆಯ ಮಟ್ಟಿಗೆ ಈ ಮಾತು ನಿಜ. ಹಲಸಿನ ಮರದ ಆಯ್ಕೆಯಿಂದ ಹಿಡಿದು ಎಲ್ಲವೂ ಕುಶಲಕರ್ಮಿಯ ಕೈಯದು, ಅಗ್ಗದ ವೀಣೆ ಅಗ್ಗದಂತೆಯೇ ನುಡಿಯುತ್ತದೆ. ಬೇಸ್ ಗಿಟಾರಿನ ಹುಟ್ಟೇ ಬೇರೆ. 1951ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಅಮೆರಿಕದ ಲಿಯೊ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ, ಸ್ವತಃ ಗಿಟಾರ್ ನುಡಿಸಲು ಬಾರದವರು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ತಪ್ಪಿಸಲು, ಹಲಗೆಯಂಥ ಒಡಲು ಕತ್ತರಿಸಿ, ಕತ್ತನ್ನು ಸ್ಕ್ರೂ ಹಾಕಿ ಕೂರಿಸಿ, ಕಾರ್ಖಾನೆಯಲ್ಲಿ ಸಲೀಸಾಗಿ ತಯಾರಾಗುವಂತೆ ಮಾಡಿದರು. ದನಿ ಬರುವುದು ಮುಖ್ಯವಾಗಿ ತಂತಿಯ ಕೆಳಗಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದ. ಇಂಥ ವಸ್ತುವನ್ನು ಇಂಡೋನೇಷ್ಯಾದಲ್ಲೋ ಚೀನಾದಲ್ಲೋ ಇಂದಿನ ಯಂತ್ರಗಳು ಕತ್ತರಿಸಿದರೆ ಅದು ಆಟದ ಸಾಮಾನು ಹೇಗಾಗುತ್ತದೆ? ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ತನ್ನ ಹಾಫ್ನರ್ ಬೇಸನ್ನು ಕೊಂಡದ್ದು ಸುಮಾರು 30 ಪೌಂಡಿಗೆ, ಹೆಚ್ಚಿನ ಬೆಲೆಯದು ಕೈಗೆಟುಕದೆ. 1972ರಲ್ಲಿ ಅದು ಕಳುವಾಯಿತು. ಮತ್ತೆ ಸಿಕ್ಕಿತೆಂದು 2024ರಲ್ಲಿ ಸುದ್ದಿಯಾಯಿತು. ಇದ್ದದ್ದೆಲ್ಲಿ ಅಂತೀರಿ? ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ!

ನಮ್ಮ ಅಟ್ಟಗಳೂ ಕಡಿಮೆಯವಲ್ಲ. ಎಂಟನೇ ಕ್ಲಾಸಿನಲ್ಲಿ ಮಗ ಹಟ ಮಾಡಿದನೆಂದು ಕೊಡಿಸುತ್ತಾರೆ, ಹತ್ತನೇ ಕ್ಲಾಸು ಬಂತೆಂದು ಅಟ್ಟಕ್ಕೆ ಹಾಕುತ್ತಾರೆ. ಆತ ಎಂಜಿನಿಯರ್ ಆಗಿ ಹೊರದೇಶಕ್ಕೆ ಹೋದ ಮೇಲೆ ಮಾರುತ್ತಾರೆ. ನನ್ನ ನಾಲ್ಕರಲ್ಲಿ ಮೂರು ಹೀಗೆ ಇಳಿದು ಬಂದವು. ಹೊರಮಾವು, ಬಾಣಸವಾಡಿ, ಕೆ.ಆರ್. ಪುರದ ಮನೆಗಳಿಗೆ ಹೋಗಿ ನೋಡಿ ತಂದೆ.

ನೋಡುವುದೆಂದರೆ ಬದನೆಕಾಯಿ ಆರಿಸಿದಷ್ಟೇ ಕೆಲಸ, ಹೆದರಬೇಕಿಲ್ಲ. ಮೊದಲು ತಲೆಯ ಕಡೆಯಿಂದ ಕತ್ತಿನ ಅಂಚಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಬೇಕು. ತಿರುಚಿದ್ದರೆ ಅಲ್ಲೇ ಕೈಮುಗಿದು ಬರುವುದು. ಆಮೇಲೆ ದಪ್ಪ ತಂತಿಯನ್ನು ಮೊದಲ ಮೆಟ್ಟಿನಲ್ಲೂ ಕೊನೆಯ ಮೆಟ್ಟಿನಲ್ಲೂ ಒತ್ತಿ ಹಿಡಿದು ನಡುವೆ ಇಣುಕಬೇಕು. ತಂತಿಗೂ ಮೆಟ್ಟಿಗೂ ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದಿಯಿದ್ದರೆ ಕತ್ತು ಸುಖವಾಗಿದೆ. ಕತ್ತಿನೊಳಗೆ ಒಂದು ಕಬ್ಬಿಣದ ಸರಳಿರುತ್ತದೆ, ಹೆಚ್ಚುಕಡಿಮೆ ಇದ್ದರೆ ಅದನ್ನು ತಿರುಗಿಸಿ ಸರಿಪಡಿಸಬಹುದು. ಆ ಸರಳು ಜಡ್ಡುಗಟ್ಟಿ ತಿರುಗದೇ ಹೋದರೆ ಬೇಡ. ಒಂದೊಂದೇ ಮೆಟ್ಟಿನಲ್ಲಿ ನುಡಿಸಿ ಝರ್ರೆನ್ನುತ್ತದೆಯೇ ಕೇಳಬೇಕು. ದನಿಯ ಗುಂಡಿ ತಿರುಗಿಸಿದಾಗ ಕರಕರ ಎಂದರೆ ಗಾಬರಿ ಬೇಡ, ಬಹುಮಟ್ಟಿಗೆ ಧೂಳು. ಗುಂಡಿಯೇ ಕೆಟ್ಟಿದ್ದರೂ ಎಸ್.ಪಿ. ರಸ್ತೆಯಲ್ಲಿ ಅಲ್ಪ ಬೆಲೆಗೆ ಬೇರೆಯದು ಸಿಗುತ್ತದೆ, ಬೆಸುಗೆ ಹಾಕುವುದನ್ನು ನಮ್ಮ ಶಾಲೆಯ ಲ್ಯಾಬಿನ ಅಟೆಂಡರ್ ಹೇಳಿಕೊಟ್ಟರು. ಹಾಗೆ ತಂತಿಯೇ ಇಲ್ಲದ ಒಂದನ್ನು 4,000ಕ್ಕೆ ತಂದು ಎಬ್ಬಿಸಿದೆ. ಅದರ ಮೊದಲ ದನಿ ಬಂದ ದಿನ ರಾತ್ರಿ ಊಟಕ್ಕೆ ಬರೀ ಮೊಸರನ್ನ ಉಪ್ಪಿನಕಾಯಿ, ಯಾರೂ ಸೊಲ್ಲೆತ್ತಲಿಲ್ಲ.

ನಾಲ್ಕೇಕೆ ಎಂಬ ಪ್ರಶ್ನೆಯಲ್ಲಿ ಮಾತ್ರ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಕೂಡಿಡುವ ಚಟ ಸೀರೆಯದಾದರೇನು, ಗಿಟಾರಿನದಾದರೇನು, ಬೀರು ತುಂಬುತ್ತದೆ. ಆದರೆ ಈ ನಾಲ್ಕರ ಗುಣ ಬೇರೆಬೇರೆ. ಒಂದು 34 ಅಂಗುಲದ ತಂತಿಯ ಮಾಮೂಲಿಯದು, ಒಂದು 30 ಅಂಗುಲದ ಗಿಡ್ಡ, ನನ್ನ ಕೈಗೆ ಹೇಳಿಮಾಡಿಸಿದ್ದು. ಒಂದಕ್ಕೆ ಐದು ತಂತಿ. ಇನ್ನೊಂದಕ್ಕೆ ಮೆಟ್ಟೇ ಇಲ್ಲ, ಪಿಟೀಲಿನಂತೆ ಜಾರಿಸಿ ನುಡಿಸಬಹುದು, ತೋಡಿಯ ಗಾಂಧಾರವನ್ನು ಅದರಲ್ಲಿ ಅಲುಗಿಸಲು ಎರಡು ವರ್ಷದಿಂದ ಹೆಣಗುತ್ತಿದ್ದೇನೆ. ತಿಂಗಳಲ್ಲಿ ಒಮ್ಮೆಯೂ ಕೈಗೆ ಬಾರದ್ದನ್ನು ಮಾರಿಬಿಡುವುದು ನನ್ನ ನಿಯಮ, ಹಾಗೆ ಎರಡು ಹೋದವು.

ಮುಂಬೈಯ ಮೋಹಿನಿ ಡೇ ನುಡಿಸುವುದನ್ನು ಫೋನಿನಲ್ಲಿ ಕಳಿಸಿ "ಹೀಗೆ ಬಂದರೆ ಸರಿ, ಇಲ್ಲದಿದ್ದರೆ ಏಕೆ?" ಎಂದು ನಾದಿನಿ ಬರೆದಿದ್ದಳು. 1996ರಲ್ಲಿ ಹುಟ್ಟಿದ ಆ ಹುಡುಗಿಯ ಬೆರಳುಗಳಿಗೆ ನಾನು ನಮಸ್ಕರಿಸುತ್ತೇನೆ. ಆದರೆ ಅಡುಗೆ ಮಾಡುವವರೆಲ್ಲ ಹೋಟೆಲು ನಡೆಸಬೇಕೆಂದು ಯಾರೂ ಹೇಳುವುದಿಲ್ಲವಲ್ಲ. ಹೀಗೆಂದು ಅವಳಿಗೆ ಬರೆದೆ, ಉತ್ತರ ಬಂದಿಲ್ಲ. ಹೋದ ವಾರ ಅವಳ ಮಗಳು ಮನೆಗೆ ಬಂದವಳು ಗಿಡ್ಡ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತಿದ್ದಳು. "ಅತ್ತೆ, ಇದನ್ನ ಮಾರೋದಾದ್ರೆ ನನಗೇ ಹೇಳಿ" ಎಂದಳು. ಅವಳಿಗೆ ಬೇರೆಯದನ್ನು ಹುಡುಕಬೇಕು. ರಾಮಮೂರ್ತಿನಗರದಲ್ಲಿ ಒಂದಿದೆಯಂತೆ, 7,000 ಹೇಳುತ್ತಿದ್ದಾರೆ. ಶನಿವಾರ ಶಾಲೆ ಮುಗಿಸಿ ಇಬ್ಬರೂ ಹೋಗಿ ಕತ್ತು ನೋಡಿ ಬರುತ್ತೇವೆ.