ವೇಗದ ಬೆನ್ನು ಹತ್ತಿ ಒತ್ತಡ ಮರೆಯಬಾರದು

ಅಮೆರಿಕದಲ್ಲಿ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ಟ್ರ್ಯಾಪ್, ಸ್ಕೀಟ್ ಆಟ ಆಡುವ ಅನೇಕರು ತಮ್ಮ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಾರಿಸಿ ಖಾಲಿಯಾದ ಪ್ಲಾಸ್ಟಿಕ್ ಕೊಳವೆಗೆ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಮದ್ದಿಗೂ ಚರೆಗೂ ನಡುವಿನ ವ್ಯಾಡ್ ಒತ್ತಿ, ಚರೆ ಸುರಿದು ಬಾಯಿ ಮಡಿಸುವುದು ಅಲ್ಲಿ ಹಳೆಯ ಹವ್ಯಾಸ. (ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ.) ಅಮೆರಿಕದ ಈ ಹವ್ಯಾಸಿಗಳು ಹೆಚ್ಚಾಗಿ ಚರ್ಚಿಸುವುದು ಚರೆಯ ವೇಗವನ್ನು: ಸೆಕೆಂಡಿಗೆ 1,200 ಅಡಿಯೋ, 1,300 ಅಡಿಯೋ ಎಂದು. ಆದರೆ ತೋಟಾ ತುಂಬುವ ಕೈಪಿಡಿಯಲ್ಲಿ ಅವರು ಮೊದಲು ನೋಡಬೇಕಾದದ್ದು ಒತ್ತಡದ ಅಂಕಣ ಎಂಬುದು ನನ್ನ ಖಚಿತ ಅಭಿಪ್ರಾಯ. ವೇಗವನ್ನು ಯಾರು ಬೇಕಾದರೂ ಒಂದು ಸಣ್ಣ ಯಂತ್ರದಲ್ಲಿ ಅಳೆಯಬಹುದು. ಒತ್ತಡ ಅಳೆಯಲು ಸಂವೇದಕ ಕೂರಿಸಿದ ವಿಶೇಷ ನಳಿಗೆಯೇ ಬೇಕು.

ವೇಗ ಸರಿಯಿದ್ದರೆ ಒತ್ತಡವೂ ಸರಿಯಿರುತ್ತದೆ ಎಂಬ ನಂಬಿಕೆ ಅಪಾಯಕಾರಿ. ನಳಿಗೆಯುದ್ದಕ್ಕೂ ಅನಿಲ ತಳ್ಳಿದ ಒಟ್ಟು ಬಲದಿಂದ ವೇಗ ಹುಟ್ಟುತ್ತದೆ; ನಳಿಗೆ ಒಡೆಯುವುದು ಒಂದು ಕ್ಷಣದ ಗರಿಷ್ಠ ಒತ್ತಡದಿಂದ. ಬೇಗ ಉರಿಯುವ ಮದ್ದು, ಚರೆ ಇನ್ನೂ ಅಲುಗದಿರುವಾಗಲೇ ಇಕ್ಕಟ್ಟಿನಲ್ಲಿ ಅನಿಲ ತುಂಬಿಬಿಡುತ್ತದೆ. ನಿಧಾನದ ಮದ್ದು ಅದೇ ವೇಗವನ್ನು ಕಡಿಮೆ ಒತ್ತಡದಲ್ಲಿ ಕೊಡಬಲ್ಲದು. ಕೇಪು, ವ್ಯಾಡ್, ಕೊಳವೆ ಯಾವುದನ್ನು ಬದಲಿಸಿದರೂ ಈ ಲೆಕ್ಕ ಏರುಪೇರಾಗುತ್ತದೆ. ಅಮೆರಿಕದ ಮಾನದಂಡದಂತೆ ಎರಡೂಮುಕ್ಕಾಲು ಇಂಚಿನ 12 ಬೋರ್ ತೋಟಾದ ಮಿತಿ ಚದರ ಇಂಚಿಗೆ 11,500 ಪೌಂಡ್. ರೈಫಲ್‌ಗಳಲ್ಲಿ ಅದು 60,000 ದಾಟುವುದೂ ಉಂಟು. ರೈಫಲ್‌ನಲ್ಲಿ ಹಿತ್ತಾಳೆಯ ಕೊಳವೆ, ಚಪ್ಪಟೆಯಾದ ಕೇಪು ಸ್ವಲ್ಪವಾದರೂ ಮುನ್ಸೂಚನೆ ಕೊಡುತ್ತವೆ. ತೆಳು ನಳಿಗೆಯ ಚರೆಕೋವಿಯಲ್ಲಿ ಅಂಥ ಗುರುತು ಕಣ್ಣಿಗೆ ಬೀಳುವಷ್ಟರಲ್ಲಿ ಮಿತಿ ಎಂದೋ ದಾಟಿರುತ್ತದೆ.

‘ವರ್ಷಗಟ್ಟಲೆ ಸಿಕ್ಕ ವ್ಯಾಡ್ ಹಾಕಿದ್ದೇವೆ, ಏನೂ ಆಗಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರನ್ನು ಕಾಪಾಡಿದ್ದು ಕೋವಿ ತಯಾರಕರು ಬಿಟ್ಟಿರುವ ಹೆಚ್ಚುವರಿ ಬಲ. ಆದರೆ ಅದು ಇರುವುದು ಸುಡುಬಿಸಿಲಿನ ದಿನಕ್ಕೆ, ಅಳತೆಯಲ್ಲಿ ಆಗುವ ಚಿಕ್ಕ ವ್ಯತ್ಯಾಸಕ್ಕೆ, ಸವೆದ ನಳಿಗೆಗೆ. ಬೇಕೆಂದೇ ಅದನ್ನು ಖರ್ಚು ಮಾಡುವುದು ತಪ್ಪು. ಅಷ್ಟಕ್ಕೂ ಸಿಗುವ ಲಾಭವೆಷ್ಟು? ದುಂಡನೆಯ ಸಣ್ಣ ಚರೆ ಗಾಳಿಯಲ್ಲಿ ಬೇಗ ಸೋಲುತ್ತದೆ, ವೇಗ ಹೆಚ್ಚಿದಷ್ಟೂ ಬೇಗ. ನಳಿಗೆಯ ಬಾಯಲ್ಲಿ ಗಳಿಸಿದ ಹೆಚ್ಚುವರಿ 100 ಅಡಿಯಲ್ಲಿ 40 ಗಜದ ಹೊತ್ತಿಗೆ ಉಳಿಯುವುದು ಮೂರನೇ ಒಂದು ಪಾಲಿನ ಆಸುಪಾಸು. ಭುಜಕ್ಕೆ ಬೀಳುವ ಪೆಟ್ಟು ಮಾತ್ರ ಪೂರ್ತಿ.

ಉಕ್ಕಿನ ಚರೆಗೆ ಹೆಚ್ಚು ವೇಗ ಬೇಕೆಂಬ ವಾದ ಬೇರೆ, ಅದರಲ್ಲಿ ಹುರುಳಿದೆ. ಕೆಸರಿನಲ್ಲಿ ಬಿದ್ದ ಸೀಸದ ಚರೆ ನುಂಗಿ ನೀರುಹಕ್ಕಿಗಳು ಸಾಯುತ್ತಿದ್ದುದರಿಂದ 1991ರಲ್ಲಿ ಅವುಗಳ ಬೇಟೆಗೆ ಅಮೆರಿಕದಾದ್ಯಂತ ಸೀಸ ನಿಷೇಧವಾಯಿತು. ಸೀಸಕ್ಕಿಂತ ಹಗುರವಾದ ಉಕ್ಕಿಗೆ ಹೆಚ್ಚು ವೇಗ ನಿಜಕ್ಕೂ ಬೇಕು. ಹಾಗೆಂದು ಸೀಸದ ಅಳತೆಗೇ ಉಕ್ಕು ತುಂಬುವಂತಿಲ್ಲ: ಅದು ಒತ್ತಿದರೆ ಕುಗ್ಗುವುದಿಲ್ಲ, ನಳಿಗೆಯನ್ನು ಗೀರದಂತೆ ದಪ್ಪ ವ್ಯಾಡ್ ಬೇಡುತ್ತದೆ, ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕಾಗಿ ಒತ್ತಡ ಅಳೆದು ಪ್ರಕಟಿಸಿದ ಪ್ರತ್ಯೇಕ ಕೋಷ್ಟಕಗಳಿವೆ. ಅವುಗಳಲ್ಲಿ ಇಲ್ಲದ ಜೋಡಣೆಯನ್ನು, ವೇಗ ಎಷ್ಟೇ ಚೆನ್ನಾಗಿ ಬರಲಿ, ಕೋವಿಗೆ ಹಾಕಕೂಡದು.